ಸಿಬ್ಬಂದಿ ಸಮಾಚಾರ

‘ಅನಾರೋಗ್ಯದ ನಿಮಿತ್ತ’ ಎಂದು ಬರೆದವನು ಪೆನ್ನು ಎತ್ತಿಬಿಟ್ಟ. ಏನು ಅನಾರೋಗ್ಯ? ತನಗೆ ಯಾರೂ ಹೇಳಿರಲಿಲ್ಲ.

“ನಿಲ್ಲಿಸಿದಿರಲ್ಲ, ಬರ್ಕೊಳ್ಳಿ ಎಡಿಟರೇ,” ಎಂದಳು ಆಫೀಸ್ ಸೂಪರಿಂಟೆಂಡೆಂಟ್. “ಮರಗೆಲಸದ ಉಳಿ ಮೇಷ್ಟ್ರು ಸ್ವಯಂನಿವೃತ್ತಿ. ಇವತ್ತು ಸಂಜೆ ಹಾಲ್‌ನಲ್ಲಿ ಟೀ. ಒಂದು ಫೋಟೋ, ನಾಲ್ಕು ಸಾಲು. ಜಾಸ್ತಿ ಬೇಡ, ಜಾಗ ಇಲ್ಲ.”

“ಏನಾಗಿದೆ ಅವರಿಗೆ?”

“ಅಯ್ಯೋ, ನಿಮಗೆ ಗೊತ್ತಿಲ್ಲದೆ...” ಎಂದವಳು ಮಾತು ನುಂಗಿಕೊಂಡು ಕನ್ನಡಕ ಒರೆಸತೊಡಗಿದಳು. ಗಾಜು ಮೊದಲೇ ಶುಭ್ರವಾಗಿತ್ತು. “ಬಿಪಿ ಗಿಪಿ ಇರಬೇಕಪ್ಪ. ಈ ವಯಸ್ಸಿಗೆ ಯಾರಿಗಿಲ್ಲ?”

ಅವಳು ಹೋದ ಮೇಲೆ ಅವನು ಬರೆದದ್ದನ್ನು ಓದಿಕೊಂಡ. ಅಕೌಂಟ್ಸ್ ವಿಭಾಗದ ಗುಮಾಸ್ತನ ಮದುವೆ. ಹೊಸ ಲೈಬ್ರೇರಿಯನ್‌ಗೆ ಸ್ವಾಗತ. ಶನಿವಾರ ಮಣ್ಣಿನ ಮಡಕೆ ಮಾಡುವ ತರಬೇತಿ, ಸಾರ್ವಜನಿಕರಿಗೆ ಉಚಿತ. ಹೊಲಿಗೆ ವಿಭಾಗದ ಪ್ರದರ್ಶನ. ಕೊಳಾಯಿ ವಿದ್ಯಾರ್ಥಿಗಳಿಂದ ‘ನಿಮ್ಮ ಮನೆಯ ನಲ್ಲಿ, ನಮ್ಮ ಕೈಯಲ್ಲಿ’. ಇವೆಲ್ಲದರ ಮಧ್ಯೆ ಉಳಿ ಮೇಷ್ಟ್ರು, ಅವನ ಸ್ವಂತ ಅಣ್ಣ, ಅರ್ಧ ವಾಕ್ಯವಾಗಿ.

ಅವನು ಆ ಸಮುದಾಯ ಕಾಲೇಜಿನಲ್ಲಿ ಭಾಷೆ ಕಲಿಸುತ್ತಿದ್ದ. ದಿನವೆಲ್ಲ ದುಡಿದು ಬಂದವರಿಗೆ ಅರ್ಜಿ ಬರೆಯುವುದು, ದೊಡ್ಡವರ ಎದುರು ನಾಲ್ಕು ಮಾತು ಆಡುವುದು ಇವನ್ನೆಲ್ಲ ಕಲಿಸುವ ಕೆಲಸ. ಅದರ ಜೊತೆಗೆ ಹದಿನೈದು ದಿನಕ್ಕೊಮ್ಮೆ ಬರುವ ನಾಲ್ಕು ಪುಟದ ಸಮಾಚಾರ ಪತ್ರಿಕೆಯೂ ಅವನ ಕೊರಳಿಗೆ ಬಿದ್ದಿತ್ತು. ಊರವರ ಹುಟ್ಟು, ಮದುವೆ, ಬಡ್ತಿ, ಸಾವು ಎಲ್ಲಕ್ಕೂ ಅವನ ಬಳಿ ಒಂದೊಂದು ಸಿದ್ಧ ವಾಕ್ಯವಿತ್ತು. ಖಾಲಿ ಬಿಟ್ಟ ಜಾಗದಲ್ಲಿ ಹೆಸರು ತುಂಬಿದರೆ ಆಯಿತು.

ಅಣ್ಣ ಅದೇ ಕಾಲೇಜಿನ ಹಿಂಬದಿಯ ವರ್ಕ್‌ಶಾಪಿನಲ್ಲಿ ಮರಗೆಲಸ ಕಲಿಸುತ್ತಿದ್ದ. ಎರಡು ಕಟ್ಟಡಗಳ ನಡುವೆ ಇದ್ದದ್ದು ಒಂದು ಸೈಕಲ್ ಸ್ಟ್ಯಾಂಡ್ ಮಾತ್ರ. ತಮ್ಮ ಮುಂದಿನ ಗೇಟಿನಿಂದ ಬರುತ್ತಿದ್ದ, ಅಣ್ಣ ಹಿಂದಿನದರಿಂದ. ಅಮ್ಮ ಸತ್ತಂದಿನಿಂದ ಮಾತೇ ಆಡದೆ ಇಬ್ಬರೂ ಪಾಲಿಸಿಕೊಂಡು ಬಂದಿದ್ದ ಒಪ್ಪಂದ ಅದು. ಪತ್ರಿಕೆಯಲ್ಲಿ ಅಣ್ಣನ ಪ್ರಸ್ತಾಪ ಬಂದಾಗಲೆಲ್ಲ ಅವನು ‘ಮರಗೆಲಸ ವಿಭಾಗದ ಬೋಧಕರು’ ಎಂದೇ ಬರೆಯುತ್ತಿದ್ದ. ಬಹುವಚನದಲ್ಲಿ. ಗೌರವದಷ್ಟು ದೂರ ಇಡುವುದು ಬೇರೊಂದಿಲ್ಲ.

ಅಮ್ಮ ತೀರಿಕೊಂಡ ದಿನ ಅವನು ಬೇರೆ ಊರಿನಲ್ಲಿ ಉಪನ್ಯಾಸ ಕೊಡುತ್ತಿದ್ದ. ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆತುಂಬ ನೆಂಟರು. ಅಣ್ಣ ಬಾಗಿಲಲ್ಲೇ ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ ಕೂಗಿದ್ದ: “ಸಾಹೇಬರು ಬಂದ್ರು, ಯಾರಾದ್ರೂ ಕುರ್ಚಿ ಹಾಕ್ರೋ.” ಯಾರೋ ನಿಜವಾಗಿಯೂ ಕುರ್ಚಿ ತಂದು ಹಾಕಿದ್ದರು. ಅವನು ಕೂರದೆ ಹಿಂತಿರುಗಿದ್ದ. ಅಷ್ಟೇ. ಜಗಳ ಎನ್ನಲು ಅಲ್ಲಿ ಎರಡನೆಯ ಮಾತೂ ಆಗಿರಲಿಲ್ಲ.

ಫೋಟೋ ಬೇಕೇಬೇಕಿತ್ತು. ಮಧ್ಯಾಹ್ನ ಅವನು ಸೈಕಲ್ ಸ್ಟ್ಯಾಂಡ್ ದಾಟಿದ.

ವರ್ಕ್‌ಶಾಪಿನಲ್ಲಿ ವಿದ್ಯಾರ್ಥಿಗಳಿರಲಿಲ್ಲ. ಅಣ್ಣ ಬೆಂಚಿನ ಮೇಲೊಂದು ಹಲಗೆ ಇಟ್ಟುಕೊಂಡು ಅದನ್ನೇ ನೋಡುತ್ತ ನಿಂತಿದ್ದ. ಸಪ್ಪಳಕ್ಕೆ ತಲೆಯೆತ್ತಿ, ಮುಖ ಅರಳಿಸಿ, ಒಂದು ಕುರ್ಚಿ ಎಳೆದು ಅದರ ಧೂಳನ್ನು ಅಂಗೈಯಿಂದ ಒರೆಸಿದ.

“ಬನ್ನಿ ಸರ್, ಕೂತ್ಕೊಳ್ಳಿ.”

ಅವನ ಕಿವಿ ಬಿಸಿಯಾಯಿತು. ಇಷ್ಟು ವರ್ಷವಾದರೂ ಅದೇ ಕುರ್ಚಿ. ಸೇಡಿಗೂ ಒಂದು ಲೆಕ್ಕ ಬೇಡವೇ? ಸರಿ, ನಿನಗೆ ನಾನು ಸರ್ ಆದರೆ ನನಗೂ ನೀನು ಯಾರೋ.

“ನಾನು ಸಮಾಚಾರ ಪತ್ರಿಕೆಯಿಂದ ಬಂದಿದ್ದೀನಿ,” ಎಂದ, ನಿಂತೇ. “ನಿಮ್ಮ ಬಗ್ಗೆ ನಾಲ್ಕು ಸಾಲು ಬರೀಬೇಕು.”

“ಪತ್ರಿಕೇನಾ! ನನ್ನ ತಮ್ಮನೂ ಅದೇ ಕೆಲಸ ಮಾಡೋದು ಸರ್. ಇಲ್ಲೇ, ಮುಂದಿನ ಕಟ್ಟಡದಲ್ಲಿ. ನಿಮಗೆ ಪರಿಚಯ ಇರಬೇಕು.”

“ನೋಡಿದ ಹಾಗಿದೆ.”

“ಮುಂಗೋಪಿ. ಆದ್ರೆ ಮನಸ್ಸಿನಲ್ಲೇನೂ ಇಟ್ಕೊಳ್ಳಲ್ಲ. ಚಿಕ್ಕವನಿದ್ದಾಗ ಕತ್ತಲಾದ್ರೆ ಒಬ್ಬನೇ ಬಚ್ಚಲಿಗೆ ಹೋಗ್ತಿರ್ಲಿಲ್ಲ. ನಾನು ಹೊರಗೆ ನಿಂತು ಹಾಡಬೇಕಿತ್ತು. ಹಾಡು ನಿಂತ್ರೆ ಒಳಗಿಂದ ಅಳು.” ಅಣ್ಣ ನಕ್ಕ. “ನನಗೆ ಬರ್ತಿದ್ದದ್ದು ಒಂದೇ ಹಾಡು. ಅದೂ ಅರ್ಧ. ಅದನ್ನೇ ತಿರುಗಿಸಿ ತಿರುಗಿಸಿ ಹಾಡೋದು.”

ಅವನು ಅಣ್ಣನ ಮುಖ ನೋಡಿದ. ಚುಚ್ಚುವವನ ತುಟಿ ಹೀಗಿರುವುದಿಲ್ಲ. ಎಲ್ಲಾದರೂ ಒಂದು ಕೊಂಕು ಸಿಕ್ಕೀತೇ ಎಂದು ಹುಡುಕಿದ. ಸಿಕ್ಕಿದ್ದರೆ ಎಷ್ಟು ನೆಮ್ಮದಿಯಾಗುತ್ತಿತ್ತು.

“ನೀವು ಮುಂದಿನ ಕಟ್ಟಡಕ್ಕೆ ಹೋಗ್ತೀರಲ್ಲ ಸರ್. ಅವನಿಗೊಂದು ಮಾತು ಹೇಳಬೇಕಿತ್ತು. ಸಿಕ್ಕಿದ್ರೆ ಹೇಳ್ತೀರಾ?”

“ಹೇಳ್ತೀನಿ. ಏನು ಹೇಳಬೇಕು?”

ಅಣ್ಣ ಬಾಯಿ ತೆರೆದ. ಆ ಬಾಯಿ ತೆರೆದೇ ಇತ್ತು. ಕಣ್ಣು ಬಾಗಿಲಿಗೆ ಹೋಯಿತು, ಗೋಡೆಯ ಗರಗಸಗಳಿಗೆ ಹೋಯಿತು, ಬರಿಗೈಯಲ್ಲಿ ಹಿಂದಕ್ಕೆ ಬಂತು.

“ಇಲ್ಲೇ ಇತ್ತು ಸರ್, ನಾಲಿಗೆ ತುದೀಲಿ,” ಎಂದ, ತಪ್ಪು ಮಾಡಿದವನಂತೆ. “ಬರುತ್ತೆ. ನೀವು ಕೂತ್ಕೊಳ್ಳಿ.”

ಆಗಲೇ ಅವನು ಹಲಗೆಯನ್ನು ನೋಡಿದ್ದು. ಕೊಯ್ಯಲು ಎಳೆದ ಪೆನ್ಸಿಲ್ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ, ಅದರ ಪಕ್ಕ ಮತ್ತೊಂದು. ಹಲಗೆ ತುಂಬ ಕಪ್ಪು ಗೆರೆಗಳ ಕಾಡು. ಎಲ್ಲೂ ಗರಗಸ ತಾಗಿರಲಿಲ್ಲ.

ಅವನು ಕುರ್ಚಿಯಲ್ಲಿ ಕೂತ. ತುಂಬ ಹೊತ್ತು ಕೂತ. ಅಣ್ಣನಿಗೆ ಮಾತು ನೆನಪಾಗಲಿಲ್ಲ. ಫೋಟೋ ತೆಗೆಯಬೇಕೆಂಬುದು ಇವನಿಗೂ.

ಸಂಜೆ ಹಾಲ್‌ನಲ್ಲಿ ಪ್ರಿನ್ಸಿಪಾಲರು, ಸೇವೆ ಎಂದರೇನು ಎಂಬುದರಿಂದ ಶುರುಮಾಡಿ ಶನಿವಾರದ ಮಡಕೆ ತರಬೇತಿಗೆ ಬಂದು ನಿಂತರು. ಮಧ್ಯದಲ್ಲೆಲ್ಲೋ ಉಳಿ ಮೇಷ್ಟ್ರೂ ಬಂದು ಹೋದರು. ಸಹೋದ್ಯೋಗಿಗಳೆಲ್ಲ ಹಣ ಹಾಕಿ ಕಾರ್ಖಾನೆಯಲ್ಲಿ ಮಾಡಿದ ಮಡಚುವ ಮೇಜೊಂದನ್ನು ಉಡುಗೊರೆ ಕೊಟ್ಟರು. ಅಣ್ಣ ಅದರ ಕಾಲುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ಅತ್ತಿಗೆ ಕೊನೆಯ ಸಾಲಿನಲ್ಲಿ, ತೊಡೆಯ ಮೇಲೆ ಅಣ್ಣನ ಕೋಟು ಇಟ್ಟುಕೊಂಡು ಕೂತಿದ್ದಳು. ಅವನು ಪಕ್ಕದ ಕುರ್ಚಿಗೆ ಬಂದ. ಒಂದು ಕಾಲಕ್ಕೆ ‘ಏನೋ’ ಎನ್ನುತ್ತಿದ್ದವಳು.

“ಬಂದ್ರಾ,” ಎಂದಳು.

“ಯಾವಾಗಿಂದ ಹೀಗೆ?”

“ಎರಡು ವರ್ಷ ಆಗ್ತಾ ಬಂತು.”

“ನನಗ್ಯಾಕೆ ಹೇಳಲಿಲ್ಲ?”

“ಹೇಳಬೇಡ ಅಂದಿದ್ರು. ಆಮೇಲೆ, ಯಾಕೆ ಹೇಳಬಾರದು ಅನ್ನೋದು ಅವರಿಗೆ ಮರೆತುಹೋಯ್ತು.” ಕೋಟಿನ ತೋಳನ್ನು ನೀವಿದಳು. “ನನಗೆ ಮರೆತಿರ್ಲಿಲ್ಲ.”

ವೇದಿಕೆಯ ಮೇಲೆ ಯಾರೋ ಹಾಡತೊಡಗಿದ್ದರು.

“ಈಗ ಕೋಪ ಇಲ್ವಾ ಅವನಿಗೆ?”

“ಆ ದಿನಾನೇ ಇಲ್ಲ ಅವರ ತಲೇಲಿ. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಾರೆ ಅಂತಾರೆ. ಜಗಳ ಹೋಯ್ತು, ಒಳ್ಳೇದೇ ಆಯ್ತು ಅಂದ್ಕೊಂಡೆ. ನಿಮ್ಮ ಮುಖಾನೂ ಅದರ ಜೊತೆಗೇ ಹೋಗಿದೆ.”

ಟೀ ಲೋಟಗಳ ಸದ್ದು ಎದ್ದಿತು. ಜನ ಬಿಸ್ಕತ್ತಿನ ಕಡೆಗೆ ನುಗ್ಗಿದರು. ಅವನು ಆ ನೂಕಿನಲ್ಲಿ ಎದುರು ಈಜಿದವನಂತೆ ಹೋಗಿ ಅಣ್ಣನ ಮುಂದೆ ನಿಂತ. ತೋಳು ಹಿಡಿದುಕೊಂಡ.

“ಅಣ್ಣಾ.”

ಬಳಸದೆ ತುಕ್ಕು ಹಿಡಿದ ಶಬ್ದ.

“ನಾನೇ ಕಣೋ ಅಣ್ಣ. ನಾನೇ ನಿನ್ನ ತಮ್ಮ.”

ಅಣ್ಣ ಅವನನ್ನು ದಿಟ್ಟಿಸಿದ. ಮೊದಲು ಹಣೆ, ಆಮೇಲೆ ಕೂದಲು. ಆ ಕಣ್ಣಲ್ಲಿ ಏನೋ ಹತ್ತಿರ ಬಂತು, ತೀರ ಹತ್ತಿರ, ಬಂದು ಪಕ್ಕಕ್ಕೆ ಹಾದುಹೋಯಿತು.

“ತಮಾಷೆ ಮಾಡ್ತೀರಿ ಸರ್ ನೀವು,” ಎಂದು ಬೆನ್ನು ತಟ್ಟಿದ, ಮನಸ್ಸಿಗೆ ನೋವಾಗದಂತೆ. “ಅವನ ತಲೆ ಇಷ್ಟು ನೆರೆತಿಲ್ಲ.” ಆಮೇಲೆ ದನಿ ತಗ್ಗಿಸಿ, “ಇಷ್ಟು ಜನ ಬಂದಿದ್ದಾರೆ. ಅವನೊಬ್ಬ ಬರಲಿಲ್ವಲ್ಲ?”

“ಬಂದಿದ್ದಾನೆ.”

“ಹೌದಾ? ಎಲ್ಲಿ?”

ಅವನು ಅಣ್ಣನ ತೋಳು ಬಿಟ್ಟ. ವಾಕ್ಯಗಳನ್ನು ಕಲಿಸಿಯೇ ಅನ್ನ ತಿಂದವನು.

“ನಾಚಿಕೆ ಅವನಿಗೆ,” ಎಂದ ಅಣ್ಣ. “ಜನ ಕಂಡ್ರೆ ದೂರ. ಯಾವುದೋ ರೂಮಿನಲ್ಲಿ ಒಬ್ಬನೇ ಕೂತಿರ್ತಾನೆ ನೋಡಿ. ಬನ್ನಿ ಸರ್, ನೀವೂ ಇರಿ ಜೊತೆಗೆ. ನನಗೆ ಈ ಕಟ್ಟಡ ಅಷ್ಟು ಗೊತ್ತಿಲ್ಲ.”

ಇಬ್ಬರೂ ಹಾಲ್‌ನಿಂದ ಹೊರಬಿದ್ದರು. ಅತ್ತಿಗೆ ನೋಡಿದಳು, ತಡೆಯಲಿಲ್ಲ. ಉದ್ದನೆಯ ಕಾರಿಡಾರಿನ ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಕೊನೆಯ ಕಿಟಕಿಯಿಂದ ಇಳಿಬಿಸಿಲು ನೆಲದ ಮೇಲೆ ಉದ್ದಕ್ಕೆ ಮಲಗಿತ್ತು.

ಅಣ್ಣ ಮೊದಲನೆಯ ಬಾಗಿಲು ತಟ್ಟಿ, ಕಾದು, ತೆರೆದ. ಖಾಲಿ ಬೆಂಚುಗಳು. “ಇಲ್ಲಿಲ್ಲ,” ಎಂದು ಸದ್ದಾಗದಂತೆ ಮುಚ್ಚಿದ. ಎರಡನೆಯದರಲ್ಲಿ ಅರ್ಧ ಒರೆಸಿದ ಬೋರ್ಡು. ಮೂರನೆಯದು ಹೊಲಿಗೆಯ ತರಗತಿ. ಪ್ರದರ್ಶನಕ್ಕೆಂದು ಅಂಗಿ ತೊಡಿಸಿದ ಗೊಂಬೆಗಳು ತಲೆಯಿಲ್ಲದೆ ಸಾಲಾಗಿ ಬಾಗಿಲಿಗೆ ಎದುರಾಗಿ ನಿಂತಿದ್ದವು. “ಕ್ಷಮಿಸಿ,” ಎಂದ ಅಣ್ಣ ಅವುಗಳಿಗೆ. “ನನ್ನ ತಮ್ಮನ್ನ ಹುಡುಕ್ತಾ ಇದ್ದೆ.”

“ಮುಂದಿನದು ನೋಡೋಣ್ವಾ ಸರ್?”

“ನೋಡೋಣ.”

ಅಣ್ಣನ ಉಸಿರು ಏರಿತ್ತು. ಗೋಡೆಗೊರಗಿ ನಿಂತ. “ನೀವೇ ನೋಡಿ ಈ ಸಲ.”

ಅವನು ಮುಂದೆ ಹೋಗಿ ಬಾಗಿಲು ತಟ್ಟಿದ. ಒಳಗಿನಿಂದ ಯಾರೂ ಓಗೊಡಲಿಲ್ಲ. ಹಿಡಿ ತಿರುಗಿಸಿ, ಕತ್ತು ಒಳಗೆ ಚಾಚಿ, ಪ್ರತಿಯೊಂದು ಬೆಂಚನ್ನೂ ನಿಧಾನವಾಗಿ ನೋಡುತ್ತ ಹೋದ.

“ಇದ್ದಾನಾ ಸರ್?” ಎಂದು ಹಿಂದಿನಿಂದ ಅಣ್ಣ ಕೇಳಿದ.