ಟಿಕ್ಕಿನ ಬಾಲ

ಅಕ್ಕನ ಷರತ್ತು ಒಂದೇ ಆಗಿತ್ತು. "ಮೊದ್ಲು ಡಬ್ಬಿ ಸರಿಯಾಗಿದೆ ಅಂತ ತೋರ್ಸು. ಆಮೇಲೆ ಕಿವಿ ಡಾಕ್ಟರ ಹತ್ರ ಬರ್ತೀನಿ."

ಅವಳು ಮನೆಯಲ್ಲೇ ಕೂತು ಕೇಳುಪುಸ್ತಕಗಳ ಧ್ವನಿ ತಿದ್ದುವವಳು. ಓದುವವರ ಉಸಿರು, ತುಟಿಯ ಸಪ್ಪಳ, ಎಂಜಲು ನುಂಗಿದ ಸದ್ದು ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಾಳೆ. ಈಚೆಗೆ ಅವಳಿಗೆ ಪ್ರತಿ 'ಸ'ಕಾರದ ಹಿಂದೆಯೂ ತಗಡು ಉಜ್ಜಿದಂಥ ಒಂದು ಬಾಲ ಕೇಳಿಸುತ್ತಿತ್ತು. ಅದನ್ನು ಕತ್ತರಿಸಲು ಹೋಗಿ ಅಕ್ಷರಗಳೇ ಮೊಂಡಾದವು. ಸ್ಟುಡಿಯೋದವರು ಫೈಲುಗಳನ್ನು ವಾಪಸ್ ಕಳಿಸಿದರು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರ ಪಾಲು.

ತಪ್ಪು ಹೊಸ ಡ್ಯಾಕ್‌ನದ್ದು ಎಂದಳು. ಕಂಪ್ಯೂಟರಿನ ಅಂಕಿಗಳನ್ನು ಸದ್ದಾಗಿಸಿ ಹೆಡ್‌ಫೋನಿಗೆ ಕೊಡುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಅದು.

ಅಳೆಯುವುದು ಕಷ್ಟವಲ್ಲ. ಡಬ್ಬಿಗೆ ಒಂದೇ ಒಂದು 'ಟಿಕ್' ಕೊಡಬೇಕು, ಹೊರಬಂದದ್ದನ್ನು ನನ್ನ ರೆಕಾರ್ಡರಿನಲ್ಲಿ ಹಿಡಿದು ಪರದೆಯ ಮೇಲೆ ಹಿಗ್ಗಿಸಿ ನೋಡಬೇಕು. ಊಟದ ಮೇಜನ್ನು ಖಾಲಿ ಮಾಡಿ ಕೂತೆ. ಮೊದಲ ಟಿಕ್ಕಿಗೇ ಸಿಕ್ಕಿತು. ನಡುವೆ ನೆಟ್ಟಗೆ ನಿಂತ ಗೆರೆ, ಅದರ ಹಿಂದೆ ನಡುಗುವ ಸಣ್ಣ ತೆರೆಗಳು. ಗೆರೆಗಿಂತ ಮುಂಚೆಯೂ ತೆರೆಗಳಿದ್ದವು.

ಭಾವ ಬಗ್ಗಿ ನೋಡಿದರು. "ಏಟು ಬೀಳೋಕ್ ಮುಂಚೆನೇ ಅಳುತ್ತಲ್ಲಪ್ಪ ಇದು. ಥೇಟ್ ನಿಮ್ಮಕ್ಕ."

ಅಕ್ಕ ನಕ್ಕಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. "ನೋಡಿದ್ಯಾ? ನನ್ ಕಿವಿ ಕೆಟ್ಟಿದೆ ಅಂದ್ರಲ್ಲ ಎಲ್ಲಾರೂ." ಆ ಚಿತ್ರವನ್ನು ಸ್ಟುಡಿಯೋಗೂ ಕಳಿಸಿದಳು.

ಬೇರೆ ಡಬ್ಬಿ ತಂದುಕೊಟ್ಟೆ. ಅದರಲ್ಲೂ ಬಾಲ ಕೇಳುತ್ತಿದೆ ಎಂದಳು. ಅಳೆದೆ. ಅದೇ ತೆರೆಗಳು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. "ಎಲ್ಲಾ ಒಂದೇ ಕಳ್ಳರ ಮಾಲು ಕಣೋ," ಎಂದು ಅವಳು ಸಮಾಧಾನಪಟ್ಟಳು. ನನಗೆ ಆ ಹೋಲಿಕೆಯಿಂದಲೇ ಕಸಿವಿಸಿಯಾಯಿತು. ಹಿಂದೊಮ್ಮೆ ನಾನೇ ಬೆಸುಗೆ ಹಾಕಿದ್ದ ಹಳೆಯ ಡಬ್ಬಿಯನ್ನು ಹುಡುಕಿ ತೆಗೆದೆ. ಇಂಥ ತೆರೆಗಳನ್ನು ಎಬ್ಬಿಸುವುದು ಡಬ್ಬಿಯೊಳಗೆ ಸದ್ದನ್ನು ಸೋಸುವ ಭಾಗ; ಅದನ್ನೇ ಇದಕ್ಕೆ ನಾನು ಹಾಕಿರಲಿಲ್ಲ. ಹಾಗಾಗಿ ಅದರಲ್ಲಿ ತೆರೆ ಏಳುವಂತೆಯೇ ಇಲ್ಲ. ಎದ್ದಿತು, ಅವೇ ತೆರೆಗಳು.

ಇಷ್ಟೂ ಹೊತ್ತು ನಾನು ಅಳೆದದ್ದು ನನ್ನ ರೆಕಾರ್ಡರನ್ನೇ. ಕಲೆ ಬಿದ್ದ ಕನ್ನಡಕ ಹಾಕಿಕೊಂಡು ಗೋಡೆ ಗೋಡೆಯ ಮೇಲೂ ಕಲೆ ಎಣಿಸಿದ್ದೆ.

ಮಾರನೆಯ ದಿನ ಕೆಲಸದ ಲ್ಯಾಬಿನಿಂದ, ವಿದ್ಯುತ್ತಿನ ಏರಿಳಿತವನ್ನು ತನ್ನದೇ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಕೇಳಿ ತಂದೆ. ರೆಕಾರ್ಡರಿನ ಗೊಡವೆಯಿಲ್ಲದೆ ನೇರವಾಗಿ ಡಬ್ಬಿಗೇ ಸಿಕ್ಕಿಸಿದೆ. ಅಕ್ಕನ ಡಬ್ಬಿಯ ಟಿಕ್ ಒಂದೇ ಗೆರೆಯಾಗಿ ಎದ್ದು, ಒಮ್ಮೆ ಸ್ವಲ್ಪ ಬಾಗಿ, ಸುಮ್ಮನಾಯಿತು. ಡಬ್ಬಿ ನಿರಪರಾಧಿ. ನಿಜ ಗೊತ್ತಾದಾಗ ಹಗುರಾಗಬೇಕಿತ್ತು. ಆಗಲಿಲ್ಲ.

ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ರೆಕಾರ್ಡರಿನ ವಿಷಯ ಹೇಳಿದೆ. ಅವಳು ಪರದೆಯನ್ನು ನೋಡಲಿಲ್ಲ. ಹೆಡ್‌ಫೋನ್ ಹಾಕಿಕೊಂಡಳು.

"ಹಾಕು."

ಟಿಕ್.

"ಇನ್ನೊಂದ್ಸಲ."

ಟಿಕ್. ಅವಳು ಕಣ್ಣು ಮುಚ್ಚಿದ್ದಳು. ಪರದೆಯ ಮೇಲೆ ಗೆರೆ ಎದ್ದು ಮಲಗಿ ಎಷ್ಟೋ ಹೊತ್ತಾದ ಮೇಲೂ ಅವಳ ಹುಬ್ಬು ಗಂಟಿಕ್ಕಿಕೊಂಡೇ ಇತ್ತು, ಏನೋ ಇನ್ನೂ ಮುಗಿಯಲಿ ಎಂದು ಕಾಯುವಂತೆ.

ಹೆಡ್‌ಫೋನ್ ಕಳಚಿ ನನ್ನ ಕಿವಿಗಿಟ್ಟಳು; ನಾನೂ ಒಂದು ಟಿಕ್ ಕೇಳಿದೆ. "ನಿಂಗೆ ಬಾಲ ಕೇಳಿಸ್ಲಿಲ್ವಾ?"

"ಇಲ್ಲ ಅಕ್ಕ."

ಬಾಗಿಲಲ್ಲಿ ನಿಂತಿದ್ದ ಭಾವ ಒಳಗೆ ಹೋದರು. ಅಕ್ಕ ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಡಾಕ್ಟ್ರೂ ಹೀಗೇ ಸದ್ದು ಹಾಕಿ ನೋಡ್ತಾರಾ?"

"ಹೂಂ. ಹೀಗೇ."

"ಅವರ ಮೆಷಿನ್ನೂ ನಿನ್ ರೆಕಾರ್ಡರ್ ಥರ ಇದ್ರೆ?"

ಇರಬಹುದು ಎಂದಿದ್ದರೆ ಅವಳು ಮನೆಯಲ್ಲೇ ಉಳಿಯುತ್ತಿದ್ದಳು. ನಾನು ಆಸಿಲೋಸ್ಕೋಪಿನ ತಂತಿ ಕಳಚಿದೆ. ಅವಳು ಎದ್ದು ಚಪ್ಪಲಿ ಹುಡುಕತೊಡಗಿದಳು, ಅವು ಕಣ್ಣೆದುರಿಗೇ ಇದ್ದರೂ.