ಕಾವು ಹಿಡಿಯದ ಕಲ್ಲು

ಇಯಾಕೋಪೊನದು ಎಲುಬಿಲ್ಲದ ನಾಲಿಗೆ. ಸವಾಯಿ ದ್ವೀಪದ ಆ ಹಳ್ಳಿಯಲ್ಲಿ ಅವನೊಬ್ಬ ಕುಲದ ಯಜಮಾನ. ಮನೆಯಳಿಯನಾಗಿ ಬಂದ ಸೆಫೊ ಅವನಿಗೆ ಕಾಲಕಸಕ್ಕಿಂತ ಕಡೆ. ಹೆಂಡತಿಯ ಊರಿನಲ್ಲಿ ನೆಲೆಸಿದ ಗಂಡಸು ಬೆವರು ಸುರಿಸಬೇಕು, ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅಲ್ಲಿಯ ರೂಢಿ. ಇರಲಿ, ರೂಢಿಗೂ ಒಂದು ಮಿತಿ ಬೇಡವೇ? ಇಯಾಕೋಪೊ ದಿನಾ ಅಳಿಯನನ್ನು ಹಂಗಿಸುತ್ತಿದ್ದ:

"ಬಿಸಿಲು ಕುಡಿದು ಮರ ಬೆಳೀತು. ಮರ ಉರಿದು ಬೆಂಕಿ ಆಯ್ತು. ಬೆಂಕಿ ಒಲೆ ಕಲ್ಲಿಗಿಳೀತು, ಕಲ್ಲಿಂದ ಗೆಡ್ಡೆಗೆ, ಗೆಡ್ಡೆಯಿಂದ ನಿನ್ನ ತೋಳಿಗೆ. ಮರ ನಂದು, ಗೆಡ್ಡೆ ನಂದು. ಆ ತೋಳಿನ ಕಸುವು ಯಾರ್ದೋ, ದಂಡಪಿಂಡ?"

"ನಿಮ್ದೇ ಮಾವ," ಅನ್ನುತ್ತಿದ್ದ ಸೆಫೊ.

ಮಗಳು ಫೆಟೂಗೆ ಸಾಕಾಗಿಹೋಗಿತ್ತು. "ಅಪ್ಪಾ, ಈ ಭಾನುವಾರ ಊಟಕ್ಕೆ ಬರೋ ಹಿರಿಯರ ಮುಂದೆ ಇವರ ಬಗ್ಗೆ ಒಂದೇ ಒಂದು ಒಳ್ಳೆ ಮಾತಾಡು. ಇಲ್ದಿದ್ರೆ ನಾವು ಇವರೂರಿಗೆ ಹೋಗ್ತೀವಿ," ಎಂದಳು. ಇರುವುದೊಬ್ಬಳೇ ಮಗಳು. ಮುದುಕ ಗೊಣಗುತ್ತಲೇ ಒಪ್ಪಿಕೊಂಡ.

ಒಪ್ಪಿದರೇನು, ನಾಯಿ ಬಾಲ ಡೊಂಕೇ! ಭಾನುವಾರ ನಸುಕಿನಲ್ಲೇ ಕಾದ ಕಲ್ಲಿನ ಮೇಲೆ ಅಡುಗೆ ಬೇಯಿಸುವ ಉಮುವಿನ ಹತ್ತಿರ ಬಂದ. ಸೆಫೊ ಹೊಸದಾಗಿ ಆರಿಸಿ ತಂದಿದ್ದ ಕಪ್ಪು ಕಲ್ಲುಗಳನ್ನು ಕಾಲಿನಿಂದ ಒದ್ದ.

"ಇವೇನೋ, ನಿಮ್ಮೂರಿನ ಭಿಕ್ಷೆನಾ? ನಮ್ಮಪ್ಪನ ಕಾಲದ ಕಲ್ಲುಗಳಿವೆ. ಇವತ್ತು ನಾನೇ ಮಾಡ್ತೀನಿ, ನೋಡಿ ಕಲಿ."

"ಮಾವ, ಅವು ಸುಟ್ಟು ಸುಟ್ಟು ಸತ್ತಿವೆ. ಕಾವು ಹಿಡಿಯಲ್ಲ."

"ಕಲ್ಲಿಗೂ ಸಾವಾ? ಮುಚ್ಚೋ ಬಾಯಿ!"

ಫೆಟೂ ಪಕ್ಕದಲ್ಲೇ ಬಾಳೆಲೆ ಬಾಡಿಸುತ್ತಾ ಎಲ್ಲವನ್ನೂ ನೋಡುತ್ತಿದ್ದಳು. ಬೆಂಕಿಯೇನೋ ಧಗಧಗಿಸಿತು, ಮುದುಕನೂ ಬೀಗಿದ. ಸೌದೆ ಉರಿದು ಕೆಂಡವಾಗುವ ಹೊತ್ತಿಗೆ ಅಪ್ಪನ ಕಾಲದ ಕಲ್ಲುಗಳು ಪಟಪಟನೆ ಬಿರಿದು ಜಲ್ಲಿಯಾದವು. ಕಾವೆಲ್ಲ ಗಾಳಿಯ ಪಾಲು. ಆಗಲಾದರೂ ಬುದ್ಧಿ ಬಂತೇ? ಊಹೂಂ. ಆ ಜಲ್ಲಿಯ ಮೇಲೆಯೇ ಹಂದಿಮರಿ, ಕೆಸುವಿನ ಗೆಡ್ಡೆ ಇಟ್ಟು, ಎಲೆ ಹೊದಿಸಿ, ಠೀವಿಯಿಂದ ಚರ್ಚಿಗೆ ನಡೆದ.

ಪ್ರಾರ್ಥನೆ ಮುಗಿಸಿಕೊಂಡು ಹಿರಿಯರು ಇಯಾಕೋಪೊನ ಮನೆಯಲ್ಲಿ ಊಟಕ್ಕೆ ಕುಳಿತರು. ಪಾದ್ರಿಗಳು ಹಂದಿಯ ತೊಡೆ ಮುರಿದು ನೋಡಿದರೆ ಒಳಗೆ ಹಸಿ ರಕ್ತ. ಗೆಡ್ಡೆಗೆ ಹಲ್ಲು ಇಳಿಯುವಂತಿಲ್ಲ.

"ಯಾರಪ್ಪಾ ಇವತ್ತು ಉಮು ಮಾಡಿದ್ದು?"

ಆಡಬೇಕಾದ ಒಳ್ಳೆಯ ಮಾತು ಇಯಾಕೋಪೊನ ಗಂಟಲಲ್ಲೇ ಇತ್ತು. ಅದಕ್ಕಿಂತ ಮೊದಲು ಬೆರಳು ಎದ್ದಿತು. "ಇನ್ಯಾರು, ಈ ದಂಡಪಿಂಡ!" ಎಂದು ಅಳಿಯನತ್ತ ತೋರಿಸಿಬಿಟ್ಟ. ಥೂ, ಗಂಡಸೇ ಅವನು!

ಸೆಫೊ ತಲೆ ತಗ್ಗಿಸಿದ. "ತಪ್ಪಾಯ್ತು, ಹಿರಿಯರು ಕ್ಷಮಿಸ್ಬೇಕು," ಎಂದ. ಹಿರಿಯರು ಲೊಚಗುಟ್ಟಿದರು. ಮುದುಕನಿಗೆ ಬದುಕಿದೆಯಾ ಬಡಜೀವವೇ ಅನ್ನಿಸಿತು.

ನೊಣ ಓಡಿಸಲು ಬೀಸಣಿಗೆ ಹಿಡಿದು ಕುಳಿತಿದ್ದ ಫೆಟೂ ಎದ್ದಳು. ಅಪ್ಪನ ಮಾನವನ್ನೇನೂ ಹರಾಜು ಹಾಕಲಿಲ್ಲ. ಬೀಸಣಿಗೆಯನ್ನು ಅವನ ಮಡಿಲಲ್ಲಿಟ್ಟು, "ಇನ್ಮೇಲೆ ನೀನೇ ಬೀಸ್ಕೋ ಅಪ್ಪಾ," ಎಂದಳು. ಗಂಡನ ಕೈ ಹಿಡಿದು ಎಬ್ಬಿಸಿಕೊಂಡು ಹೊರಗೆ ನಡೆದಳು.

"ಊಟದ ಮಧ್ಯೆ ಎಲ್ಲಿಗೆ ಹೊರಟ್ಲು ನಿಮ್ಮ ಮಗಳು?" ಪಾದ್ರಿಗಳು ಕೇಳಿದರು.

"ಗಂಡನ ಊರಿಗೆ," ಎಂದ ಇಯಾಕೋಪೊ, ಹಸಿ ಮಾಂಸ ಅಗಿಯುತ್ತಾ.