ಚೂಪುಮಾವನ ಬೋರ್ಡು

ಹೆಸರಿನ ವಿಷಯದಲ್ಲಿ ಮಗಳು ಅವಸರ ಮಾಡಿದಳು ಎಂದು ಯಾರಾದರೂ ಅಂದರೆ ಅವರ ನಾಲಿಗೆಗೇ ಸಾಣೆ ಹಿಡಿಯಬೇಕು. ದರ್ಜಿಗಳಿಗೆ ಕತ್ತರಿ ಮಾಡಿಕೊಡುವ ಸಣ್ಣ ಕಾರ್ಖಾನೆ ತೆರೆಯಲು ಹೊರಟವಳು, ವಕೀಲೆ ಹೇಳಿಕೊಟ್ಟಂತೆ ಟ್ರೇಡ್‌ಮಾರ್ಕ್ ನೋಂದಣಿ ಪಟ್ಟಿಯಲ್ಲಿ ಒಂದೊಂದೇ ಹೆಸರು ಆಗಲೇ ಬೇರೆಯವರ ಪಾಲಾಗಿದೆಯೇ ಎಂದು ಹುಡುಕಿದಳು. ಅದೇ ಹೆಸರು ಸಿಗದಿದ್ದರೆ ಅದರ ಹತ್ತಿರದ್ದು ಇದೆಯೇ ಎಂದೂ ನೋಡಿದಳು. ಹೀಗೆ ಅಳೆದು ಸುರಿದು ನಾಲ್ಕು ಹೆಸರು ಹೊಡೆದುಹಾಕಿದಳು. ಐದನೆಯದನ್ನು ಮಾತ್ರ ಹುಡುಕಲಿಲ್ಲ. ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿ, ಒಳಗೆ ಯಾರಿದ್ದೀರಿ ಎಂದು ಯಾರು ಕೇಳುತ್ತಾರೆ?

ಐದನೆಯದು ಅಪ್ಪನ ಹೆಸರು. ನಲವತ್ತು ವರ್ಷ ಕತ್ತರಿ ಮಾಡಿದ ಅವರನ್ನು ಬೀದಿಗೆ ಬೀದಿಯೇ ಕರೆಯುತ್ತಿದ್ದದ್ದು ಚೂಪುಮಾವ ಎಂದು.

"ಬೋರ್ಡ್ ಮೇಲೆ ನಿನ್ನ ಹೆಸರೇ ಹಾಕ್ತೀನಪ್ಪ."

ಅಪ್ಪ ಕನ್ನಡಕ ಒರೆಸಿದರು, ಮತ್ತೊಮ್ಮೆ ಒರೆಸಿದರು. "ಬೇರೆ ಯಾವ್ದೂ ಸಿಗ್ಲಿಲ್ವಾ?"

"ಇದಕ್ಕಿಂತ ಒಳ್ಳೇದು ಯಾವ್ದಿದೆ?"

ಅಪ್ಪ ಮೂರನೆಯ ಸಲ ಕನ್ನಡಕ ಒರೆಸಿದರು. ಖುಷಿಗೆ ಕಣ್ಣು ಮಂಜಾಗಿದೆ ಎಂದುಕೊಂಡಳು, ಪಾಪ.

ಬೋರ್ಡು ಏರಿದ ವಾರವೇ ಬೂದು ಅಂಗಿಯವನೊಬ್ಬ ಬಂದ. ಕತ್ತರಿ ಕೊಳ್ಳುವವರು ಮೊದಲು ಬಟ್ಟೆ ಚೂರೊಂದನ್ನು ಕತ್ತರಿಸಿ ನೋಡುತ್ತಾರೆ. ಇವನು ಅಲಗನ್ನು ಮುಟ್ಟಲೇ ಇಲ್ಲ. ತಿರುಪಿನ ಪಕ್ಕ ಒತ್ತಿದ್ದ ಹೆಸರನ್ನು ಬೆಳಕಿಗೆ ಹಿಡಿದು ಓದಿದ. ಅಂಗಡಿಯ ಹೆಸರಿದ್ದ ರಸೀದಿ ಕೇಳಿ ಪಡೆದ. ಮುಂದಿನ ವಾರವೂ ಬಂದ, ಇನ್ನೊಂದು ಕೊಂಡ. ಮೂರನೆಯ ವಾರ ಬೋರ್ಡಿನ ಫೋಟೊ ತೆಗೆದ.

"ಇಲ್ಲೀವರೆಗೆ ಎಷ್ಟು ಮಾಡಿದೀರಿ?"

"ಆರುನೂರು," ಎಂದಳು, ಹೆಮ್ಮೆಯಿಂದ. ಅವನು ಅದನ್ನು ಬರೆದುಕೊಂಡ.

ಆಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಅವನು ಬಂದಾಗಲೆಲ್ಲ ಒಳಗೆ ಅಪ್ಪನ ಸಾಣೆಚಕ್ರ ನಿಂತುಹೋಗುತ್ತಿತ್ತು. ಅವನು ಹೋಗುವವರೆಗೂ ಅದು ತಿರುಗುತ್ತಿರಲಿಲ್ಲ.

ನಾಲ್ಕನೆಯ ವಾರ ಬಂದದ್ದು ನೋಟಿಸು. ವಕೀಲೆ ಅದನ್ನು ಎರಡು ಸಲ ಓದಿದರು; ಬೂದು ಅಂಗಿಯವನು ತೆಗೆದ ಫೋಟೊ ಜೊತೆಗೇ ಇತ್ತು. ಹನ್ನೊಂದು ವರ್ಷದ ಹಿಂದೆ ಅಪ್ಪನ ಹಳೆಯ ಕಾರ್ಖಾನೆ ಕೊಂಡ ಕಂಪನಿ, ಯಂತ್ರಗಳ ಜೊತೆಗೆ ಆ ಹೆಸರನ್ನೂ ಬರೆಸಿಕೊಂಡು ನೋಂದಾಯಿಸಿತ್ತು. ಹದಿನೈದು ದಿನದಲ್ಲಿ ಬೋರ್ಡು ಇಳಿಯಬೇಕು, ಹೆಸರೊತ್ತಿದ ಕತ್ತರಿಗಳೆಲ್ಲ ಅವರಿಗೆ ಒಪ್ಪಿಸಬೇಕು.

"ಇದೊಂದನ್ನ ಯಾಕೆ ಹುಡುಕ್ಲಿಲ್ಲ?"

"ನಮ್ದೇ ಅಲ್ವಾ ಅಂತ."

"ಅದನ್ನೇ ಮೊದ್ಲು ಹುಡುಕ್ಬೇಕಿತ್ತು," ಎಂದರು ವಕೀಲೆ.

ಅಪ್ಪ ಸಾಣೆಕಲ್ಲಿನ ಮುಂದೆ ಸುಮ್ಮನೆ ಕೂತಿದ್ದರು. ಅವಳು ನೋಟಿಸನ್ನು ಅವರ ಮೊಣಕಾಲ ಮೇಲಿಟ್ಟಳು.

"ನಿಂಗೆ ಗೊತ್ತಿತ್ತು."

"ಹೆಸರು ಚೆನ್ನಾಗಿದೆ, ಇದನ್ನೂ ಸೇರಿಸ್ಕೊಳ್ತೀವಿ ಅಂದ್ರು. ನಾನು ಉಬ್ಬಿಹೋದೆ. ಸಹಿ ಹಾಕ್ದೆ."

"ನಂಗೆ ಹೇಳೋಕೇನಾಗಿತ್ತು?"

ಅಪ್ಪ ನೋಟಿಸನ್ನು ಮಡಿಸಿದರು. "ಹೇಳ್ಬೇಕು ಅಂತಲೇ ಇದ್ದೆ. ನೀನು ಬೋರ್ಡ್ ಬರೆಸ್ಕೊಂಡು ಬಂದೆ. ಒಂದ್ಸಲ ಅದು ಮೇಲಿರೋದನ್ನ ನೋಡೋಣ ಅನ್ನಿಸ್ತು ಕಣೆ."

ಅವಳಿಗೆ ಬಂದ ಸಿಟ್ಟಿಗೆ ಆರುನೂರು ಕತ್ತರಿಯೂ ಸಾಲದಾಗಿತ್ತು. ಆದರೆ ಆ ಮಾತಿನ ಎದುರು ಯಾವುದನ್ನು ಎತ್ತುವುದು? ಮರುದಿನ ಅವಳೇ ಏಣಿ ಹತ್ತಿ ಬೋರ್ಡು ಇಳಿಸಿದಳು. ಕೆಳಗೆ ಏಣಿ ಹಿಡಿದಿದ್ದವರು ಅಪ್ಪ.

ಹದಿನಾರನೆಯ ದಿನ ಬೂದು ಅಂಗಿಯವನು ಮತ್ತೆ ಬಂದ. ಖಾಲಿ ಗೋಡೆ ನೋಡಿದ, ಹೆಸರಿಲ್ಲದ ಹೊಸ ಕತ್ತರಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ, ಪುಸ್ತಕದಲ್ಲಿ ಗುರುತು ಹಾಕಿದ. ಇನ್ನೇನು ಹೊರಟ ಎನ್ನುವಾಗ ಎದುರು ಅಂಗಡಿಯ ದರ್ಜಿ ಹೆಂಗಸು ಬಾಗಿಲಿಗೆ ಬಂದು ಕೂಗಿದಳು.

"ಚೂಪುಮಾವ, ನನ್ನ ಕತ್ತರಿ ಆಯ್ತಾ?"

ಪುಸ್ತಕ ಮತ್ತೆ ತೆರೆಯಿತು. ಬೂದು ಅಂಗಿಯವನು ಒಳಬಾಗಿಲ ಕಡೆ ತಿರುಗಿ ನಿಂತ. ಚಕ್ರ ನಿಂತಿತ್ತು.

"ಚೂಪುಮಾವ, ಕೇಳಿಸ್ಲಿಲ್ವಾ?"

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಮ್ಮ," ಎಂದರು ಅಪ್ಪ, ಒಳಗಿಂದಲೇ.

ಬೂದು ಅಂಗಿಯವನು ಅದನ್ನೂ ಬರೆದುಕೊಂಡ.